ಹನ್ನೊಂದರವರೆಗೆ

ಪಣಂಬೂರಿನ ವೇಬ್ರಿಜ್ಜಿಗೆ
ತೂಕದ ಕಲ್ಲು ಹೊತ್ತ ಲಾರಿ ಬರುವುದು ಹನ್ನೊಂದಕ್ಕಂತೆ.
ಲಾಡ್ಜಿನ ಗೋಡೆ ನೋಡುತ್ತ ಎಷ್ಟೊತ್ತು ಕೂರಲಿ?
ಒಂಬತ್ತು ವರ್ಷದಿಂದ ಬರುತ್ತಿದ್ದೇನೆ ಈ ಊರಿಗೆ,
ಗೊತ್ತಿದ್ದದ್ದು ಒಂದು ಗೇಟು, ಒಂದು ಕ್ಯಾಂಟೀನು.

ಸುಲ್ತಾನ್ ಬತ್ತೇರಿಯಿಂದ ದೋಣಿ.
ಆಚೆ ದಡ, ತಣ್ಣೀರುಬಾವಿ.
ಗಾಳಿಮರಗಳ ನಡುವೆ
ಯಾರ್‍ಯಾರೋ ನಡೆದು ನಡೆದೇ ಆದ ದಾರಿ.
ಆಫೀಸು ಬೂಟಿನೊಂದಿಗೆ
ಮರಳಿಗೆ ಆಗಲೇ ಸಲಿಗೆ.

ತರಗೆಲೆ ಗುಡಿಸುತ್ತಿದ್ದ ವಾರಿಜಕ್ಕ
ನನ್ನ ಕೊರಳ ಗುರುತಿನ ಚೀಟಿ ನೋಡಿ
ಪೊರಕೆ ನಿಲ್ಲಿಸಿದಳು: ‘ಇನ್‌ಸ್ಪೆಕ್ಷನ್ನಾ?’
ಅಲ್ಲ, ಸುಮ್ಮನೆ, ಎಂದೆ.
ಆ ಮಾತು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ.
‘ಮೆಲ್ಲ ಪೋಲೆ,’ ಬೇರಿನತ್ತ ಕೈ ತೋರಿದಳು.

ಹೊಂಗೆ. ಸುರಹೊನ್ನೆ. ತಗಡಿನ ಮೇಲೆ ಹೆಸರು.
ಮುಂದಿನ ತಗಡನ್ನು ಉಪ್ಪುಗಾಳಿ ತಿಂದುಬಿಟ್ಟಿತ್ತು;
ಹೆಸರಿಲ್ಲದ ಆ ಮರಕ್ಕೇ
ಹೆಚ್ಚು ಹೊತ್ತು ಒರಗಿ ನಿಂತೆ.
ಫೋನು ಎರಡು ಸಲ ನಡುಗಿತು, ಜೇಬಿನಲ್ಲೇ.

ಹನ್ನೊಂದೂ ಕಾಲು. ಲಾರಿ ಇನ್ನೂ ದಾರಿಯಲ್ಲಿ.
ವೇಬ್ರಿಜ್ಜಿನ ಹೊರಗೆ, ಅಂಚಿನ ಕಟ್ಟೆಗೆ ಕೂತು
ಬೂಟು ಕಳಚಿ ತಟ್ಟೆಯ ಮೇಲೆ ಕೊಡವಿದೆ:
ಒಂದು ಹಿಡಿ ಮರಳು, ಒಂದು ಗಾಳಿಮರದ ಕಾಯಿ.

ಹತ್ತು ಕಿಲೋಗಿಂತ ಕಡಿಮೆಯದು ಅದಕ್ಕೆ ಕಾಣಿಸದು.
ಪರದೆಯಲ್ಲಿ ಸೊನ್ನೆ.
ಯಂತ್ರ ಸರಿಯಾಗಿಯೇ ಇದೆ
ಎಂದು ಬರೆದುಕೊಂಡೆ.