ಅಂಗುಸ್ತಾನ

ಸೊಲ್ಲಾಪುರ. ಸಾಲಿಯ ಹಾಲು. ಐದನೇ ಸುತ್ತು.
ಮೇಜು ಹದಿನಾಕು, ನನಗ ಬಿಳಿ.
ಎದುರಿಗೆ ಬಾರ್ಶಿಯ ಹುಡುಗ, ಗವ್ಹಾಣೆ,
ಹನ್ನೆರಡರವ, ಕುರ್ಚಿ ಮ್ಯಾಲ ಮಣಕಾಲೂರಿ ಕೂತಾನ.
ನೀರಿನ ಬಾಟ್ಲಿ, ಎರಡು ಪೆನ್ನು,
ಅವ್ವ ಬಾಗಿಲಾಚೆ.

ಗಡಿಯಾರ ಒತ್ತಿದ.
ರಾಜನ ಕಡೀ ಕುದುರಿ ಮುಂದಿನ ಕಾಲಾಳು ಎತ್ತಿ
ಎರಡು ಮನಿ ನೂಕಿದೆ.

ಹುಡುಗ ಹಲಗಿ ನೋಡಿದ, ನನ್ನ ನೋಡಿದ,
ಬಾಗಿಲ ಕಡೆ ನೋಡಿದ.
ನಡುವಿನ ಮನಿ ಬಿಟ್ಟು ಮಗ್ಗಲದ ಆಟ,
ಅದೂ ರಾಜನ ಕದಾ ತಗದಿಟ್ಟು!
ಪಕ್ಕದ ಮೇಜಿನ ಬ್ಯಾಂಕಿನವರು
ಕೆಮ್ಮಿನಾಗ ನಗಿ ನುಂಗಿದರು.

ಮೈಂದರ್ಗಿಯ ನಮ್ಮ ಹೊಲಿಗಿ ಅಂಗಡ್ಯಾಗ
ಅಪ್ಪನ ಪಟದಾಗ ಒಬ್ಬ ಕಾಲಾಳು ಕಡಿಮಿ.
ಬದಲಿಗೆ ಹಿತ್ತಾಳಿ ಅಂಗುಸ್ತಾನ,
ಬಾಯಿ ಮುದುಡಿದ್ದು, ಇಟ್ಟಲ್ಲಿ ನಿಲ್ಲೂದಲ್ಲ.
ಮಿಷನ್ ಒಂದು ಸುತ್ತು ತುಳಿದರ ಸಾಕು
ನಡುಗಿ, ಉರುಳಿ, ರಾಜನ ಕಾಲಿಗೆ ಬೀಳೂದು.
"ಮೊದಲ ಅದನ್ನ ದೂರ ನೂಕವಾ"
ಗುಂಡುಸೂಜಿ ಕಚ್ಚಿದ ಬಾಯಿಲೇ ಅಪ್ಪ ಅಂತಿದ್ದ.
ಗಿರಾಕಿ ಬಂದರ ಆಟ ಅಲ್ಲೇ ನಿಲ್ಲೂದು,
ಅಂಗುಸ್ತಾನ ಅವನ ಬೆರಳಿಗೆ ಏರೂದು.
ಒಂದು ತೋಳು ಹೊಲಿದು ಮುಗಿಯೂತನಕ
ನನ್ನ ಸೈನ್ಯದಾಗ ಒಬ್ಬ ರಜಾ.

ಹುಡುಗನ ಒಂಟೆ ಓಡಿ ಬಂದು ಕಾಲಾಳು ತಿಂತು.
ತಿನ್ನಲಿ.
ಅದು ಬಿಟ್ಟ ಸಂದ್ಯಾಗ ನನ್ನ ಒಂಟೆ ಆಗಲೇ ಕೂತು
ಸೂಜಿಗೆ ದಾರ ಪೋಣಿಸೋ ಕಣ್ಣಿಲೇ
ಆ ತುದಿಯ ಆನಿ ಹುಡುಕಾಕತ್ತಿತ್ತು.
ಆಚೆ ಮಗ್ಗಲಿಂದ ಇನ್ನೊಬ್ಬನ ಕೊಟ್ಟೆ. ಅವ ತಗೊಂಡ.
ದಾರಿ ಬಿಚ್ಚಿತು. ಆನಿ ಬಿತ್ತು.
ಬ್ಯಾಂಕಿನವರು ಎದ್ದು ಬಂದು ನಿಂತರು.

ಆದರ ಅವನ ಮಂತ್ರಿ ನನ್ನ ಒಂಟೆ ಹೊಡದು
ಅದೇ ಓರೆ ದಾರಿಗುಂಟ, ನಾನೇ ತಗದ ಕದದಾಗ
ಹಣಿಕಿ ಹಾಕಿದ.
ಅವನ ತಡಿಯೂದರಾಗ ತಾಸು ಹೋತು.
ಮುಚ್ಚತೀನಿ, ಅವ ಎಲ್ಲೋ ಹರಿಯತಾನ;
ಅಲ್ಲಿ ತೇಪಿ ಹಾಕತೀನಿ, ಇಲ್ಲಿ ಹೊಲಿಗಿ ಬಿಡತೈತಿ.

ಯಾರೋ ಬಂದರ ಆಟ ನಿಲ್ಲತೈತಿ ಅಂತ
ಕೈ ಇನ್ನೂ ನಂಬೇತಿ.
ಇಲ್ಲಿ ಗಡಿಯಾರ ಯಾವ ಗಿರಾಕಿಗೂ ನಿಲ್ಲಲಿಲ್ಲ.
ನನ್ನ ಕಡೆ ಸೊನ್ನಿ ಬಂದಾಗ
ಪಟದ ಮ್ಯಾಲ ನನಗ ಹೆಚ್ಚಿನ ಆನಿ ಇತ್ತು.

ಹುಡುಗ ಕೈ ಕೊಟ್ಟ. ಮೆತ್ತಗಿನ ಕೈ, ಬೆವತಿತ್ತು.
"ಕಾಕೂ, ಈ ಓಪನಿಂಗಿಗೆ ಏನಂತಾರ?"
ಮರಾಠಿಯಾಗ ಕೇಳಿದ, ಖರೇನ ಕೇಳಿದ.
ಅಪ್ಪನ ಹೆಸರು ಬಾಯಿತನಕ ಬಂತು.
"ಮೈಂದರ್ಗಿ" ಅಂದೆ.

ಎಡಗೈಯಾಗ ನನ್ನ ಸತ್ತ ಕಾಲಾಳು ಹಿಡಕೊಂಡೇ
ಹಾಳಿಯ ನೆತ್ತಿಗೆ ಬರಕೊಂಡ,
ಕಡೀ ಅಕ್ಷರಕ್ಕ ದೀರ್ಘ ಕೊಟ್ಟು.