ಮೀಸಲು ದಿನಗಳು

ಕ್ಯಾಲುಮೆಟ್ ಊರಿನ ಲೈಬ್ರರಿ, ನೆಲಮಾಳಿಗೆ,
ನವೆಂಬರಿನ ಮೂರನೇ ಮಂಗಳವಾರ.
ಹೀಟರಿಗೆ ಗಣಿಗಿಳಿದು ಬಂದವರ ಕೆಮ್ಮು.
ಮೆಡಿಕೇರ್ ಅರ್ಥವಾಗದವರಿಗೆಂದು ಒಂದು ಮೇಜು,
ಆಚೆ ಖಾಲಿ ಕುರ್ಚಿ, ಈಚೆ ನಾನು:
ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪು ಕುಟ್ಟಿದವಳು.
ಯಾರು ಯಾರದೋ ಮಾತನ್ನು
ಅಕ್ಷರ ಬಿಡದೆ ಇಳಿಸಿದ್ದಷ್ಟೇ ನನ್ನ ಅರ್ಹತೆ.

ಲೆಂಪಿ ಕಂಗಾಸ್ ಬಂದಳು, ಎಂಬತ್ತೊಂದು.
ಬೂಟಿನ ಹಿಮ ಕೊಡವಿ
ಕಾಗದದ ಚೀಲ ಮೇಜಿನ ಮೇಲೆ ಮಗುಚಿದಳು:
ಒಡೆದ ಲಕೋಟೆ, ಒಡೆಯಲು ಹೆದರಿದ ಲಕೋಟೆ,
ಬಟ್ಟೆಯಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು, ಇನ್ನೂ ಬೆಚ್ಚಗೆ.
"ನನಗೆ ಇಂಗ್ಲಿಷ್ ಬರುತ್ತದೆ," ಎಂದಳು. "ಇದು ಇಂಗ್ಲಿಷಲ್ಲ."

ಪ್ರೀಮಿಯಂ ಅಂದರೆ, ಎಂದೆ,
ಕಾಯಿಲೆ ಬರಲಿ ಬಿಡಲಿ ತಿಂಗಳು ತಿಂಗಳು ಕಟ್ಟುವುದು.
"ಚರ್ಚಿನ ತಟ್ಟೆಗೆ ಹಾಕಿದ ಹಾಗೆ. ಮುಂದೆ?"
ಡಿಡಕ್ಟಿಬಲ್ ಅಂದರೆ
ಅವರು ಕೈ ಬಿಚ್ಚುವ ಮೊದಲು
ನಿನ್ನ ಕೈಯಿಂದ ಹೋಗಬೇಕಾದದ್ದು.
"ಹೊಸ್ತಿಲು ಅನ್ನು, ತಿಳಿಯುತ್ತದೆ.
ವರ್ಷ ವರ್ಷ ಒಂದಿಂಚು ಏರುವ ಹೊಸ್ತಿಲು,
ವರ್ಷ ವರ್ಷ ಒಂದಿಂಚು ಏಳದ ಮೊಣಕಾಲು."
ದಾಟಿದ ಮೇಲೂ ನೂರಕ್ಕೆ ಇಪ್ಪತ್ತು ನಿನ್ನದೇ.
"ಯಾವ ನೂರು?"
ಅವರು ಒಪ್ಪಿದ ನೂರು.
ಪೆನ್ಸಿಲು ನಾಲಿಗೆಗೆ ತಾಗಿಸಿ ಲಕೋಟೆಯ ಬೆನ್ನಿಗೆ
ಏನೋ ಬರೆದಳು, ಹೊಡೆದು ಹಾಕಿದಳು.

ಆಮೇಲೆ ಆ ಬಿಲ್ಲು.
ಊರ್ಹೊ ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿದ್ದ.
ಮಂಚ ಆಸ್ಪತ್ರೆಯದು, ಕೈಗೆ ಕಟ್ಟಿದ ಪಟ್ಟಿ ಆಸ್ಪತ್ರೆಯದು,
ಉಪ್ಪಿಲ್ಲದ ಗಂಜಿಯೂ ಆಸ್ಪತ್ರೆಯದೇ.
ಆದರೆ ದಾಖಲಾಗಿರಲಿಲ್ಲ. ನಿಗಾದಲ್ಲಿದ್ದ.
ದಾಖಲಾಗಿ ಮೂರು ದಿನ ಕಳೆಯದಿದ್ದರೆ
ಆಮೇಲಿನ ಶುಶ್ರೂಷಾ ಮನೆಯ ಇಪ್ಪತ್ಮೂರು ದಿನಕ್ಕೆ
ಯಾರೂ ಕೊಡುವುದಿಲ್ಲ.
"ಅವನು ಸೂರು ನೋಡುತ್ತಿದ್ದ,
ಅವರು ಅವನನ್ನು ನೋಡುತ್ತಿದ್ದರು,
ನಾನು ಗಡಿಯಾರ ನೋಡುತ್ತಿದ್ದೆ.
ಮೂವರೂ ನಿಗಾದಲ್ಲೇ ಇದ್ದೆವಲ್ಲ?"
ತಿಳಿಸಿದ್ದಾರೆ, ಲೆಂಪಿ. ಇಗೋ ಕಾಗದ, ಕೆಳಗೆ ಸಹಿ.
ಕನ್ನಡಕ ಏರಿಸಿ ನೋಡಿದಳು ಬಹಳ ಹೊತ್ತು.
"ಸಹಿ ನನ್ನದೇ. ಪೆನ್ನು ಅವರದು."
ಮೇಲ್ಮನವಿ ಬರೆಯೋಣ ಎಂದೆ, ದಾರಿ ಕಿರಿದು, ಬರೆಯೋಣ.

ಅವಳು ಆಗಲೇ ಬೇರೆ ಪುಟದಲ್ಲಿದ್ದಳು.
"ಇದೇನಿದು, ಜೀವಮಾನದ ಮೀಸಲು ದಿನಗಳು?"
ಎಷ್ಟೋ ಜನ ಈ ಸಾಲನ್ನು ಕಂಡೇ ಇರುವುದಿಲ್ಲ.
ಒಂದೇ ಬೇನೆಗೆ ತೊಂಬತ್ತು ದಿನ ಮೀರಿ
ಆಸ್ಪತ್ರೆಯಲ್ಲಿ ಮಲಗಬೇಕಾಗಿ ಬಂದರೆ
ಒಬ್ಬೊಬ್ಬರಿಗೆ ಅರವತ್ತು ದಿನ. ಇಡೀ ಆಯುಸ್ಸಿಗೆ ಅಷ್ಟೇ.
ಖರ್ಚಾದದ್ದು ಮತ್ತೆ ತುಂಬುವುದಿಲ್ಲ.
ಅವತ್ತಿನ ಶ್ವಾಸಕೋಶಕ್ಕೆ ಊರ್ಹೊ ನೂರ ಮೂವತ್ತೊಂದು ದಿನ.
ನಲವತ್ತೊಂದು ಮುಗಿದಿದೆ. ಹತ್ತೊಂಬತ್ತು ಉಳಿದಿದೆ.

"ನನ್ನದು?"
ಅರವತ್ತೂ ಹಾಗೇ ಇದೆ.

ಹೀಟರು ನಿಂತಿತು. ಮೇಲೆ ಯಾರೋ ಕುರ್ಚಿ ಎಳೆದರು.
ಚಳಿಗಾಲಕ್ಕೆ ಸೌದೆ ಎಣಿಸುವವಳಂತೆ
ತುಟಿಯಲ್ಲೇ ಲೆಕ್ಕ ಹಾಕಿ ಕೇಳಿದಳು:
"ನನ್ನದರಲ್ಲಿ ಮೂವತ್ತು ಅವನಿಗೆ ಬರೆದುಕೊಡಬಹುದೆ?"

ಗೊತ್ತಿದ್ದೂ ಪುಸ್ತಕ ತಿರುವಿದೆ.
ವರ್ಗಾವಣೆ ಎಂಬ ಪದವೇ ಸೂಚಿಯಲ್ಲಿಲ್ಲ.
ಕೋರ್ಟಿನಲ್ಲಾಗಿದ್ದರೆ ಉತ್ತರ ಏನೇ ಇರಲಿ
ಪ್ರಶ್ನೆಯನ್ನಾದರೂ ದಾಖಲಿಸುತ್ತಿದ್ದೆ.
ಆಗುವುದಿಲ್ಲ, ಎಂದೆ.
"ನನಗೆ ಬೇಡ ಅಂದರೂ?"
ಬೇಡ ಅಂದರೂ.

"ಅರವತ್ತು ವರ್ಷ ಒಂದೇ ಹೊದಿಕೆ," ಎಂದಳು, ಯಾರಿಗೋ.

ಡಿಸೆಂಬರ್ ಏಳರೊಳಗೆ ಔಷಧಿಯ ಪ್ಲಾನು ಬದಲಿಸಬೇಕು,
ಊರ್ಹೊನ ರಕ್ತ ತೆಳುವಾಗಿಸುವ ಮಾತ್ರೆ
ಹೊಸ ಪಟ್ಟಿಯಲ್ಲಿ ಮೇಲಿನ ದರಕ್ಕೆ ಜಿಗಿದಿದೆ,
ಇದನ್ನೆಲ್ಲ ಹೇಳಿದೆ. ತಲೆಯಾಡಿಸಿದಳು.
ಲಕೋಟೆಗಳನ್ನು ದೊಡ್ಡದು ಚಿಕ್ಕದು ನೋಡಿ ಜೋಡಿಸಿದಳು.
ಮೆಟ್ಟಿಲ ಮೇಲೆ ಇನ್ನಾರದೋ ಊರುಗೋಲು ಕಾಯುತ್ತಿತ್ತು.

ಚಾಕು ಇರಲಿಲ್ಲ. ಬ್ರೆಡ್ಡನ್ನು ಕೈಯಲ್ಲೇ ಮುರಿದು
ಚಿಕ್ಕ ತುಂಡನ್ನು ನನ್ನತ್ತ ತಳ್ಳಿದಳು:
"ನೂರಕ್ಕೆ ಇಪ್ಪತ್ತು. ನಿನ್ನ ಪಾಲು."
ಉಳಿದದ್ದನ್ನು ಸುತ್ತಿಕೊಂಡಳು, ಊರ್ಹೊನಿಗೆ.
ಏಲಕ್ಕಿಯ ಸಿಪ್ಪೆಯೊಂದು
ಫಾರಂ ಮೇಲೆ ಬಿದ್ದಿತ್ತು. ಊದಿದೆ.