ತಿದ್ದುಪಡಿಗೆ ಕಾರಣ

ಪೂರ್ಣಿಮಾ ಅಂತಿರೋದನ್ನ
ಊನಾ ಅಂತ ತಿದ್ದಿಕೊಡಿ, ಅಂದಳು.
ಇಪ್ಪತ್ತೆರಡು ವರ್ಷದ ನನ್ನ ನೌಕರಿಯಲ್ಲಿ
ಹುಣ್ಣಿಮೆಯಿಂದ ಕೊರತೆಗೆ ಇಳಿಯಲು
ಛಾಪಾ ಕಾಗದ ಹಿಡಿದು ಬಂದವರು ಯಾರೂ ಇಲ್ಲ.

ದುರ್ಗಿಗುಡಿಯಲ್ಲಿ ಸೀರೆಗೆ ಫಾಲ್ಸು, ಪಿಕೊ.
ಕೊರಳಲ್ಲಿ ಅಳತೆಯ ಟೇಪು ಇನ್ನೂ ಹಾಗೇ ಇತ್ತು.
'ಅಮ್ಮಾ, ಊನ ಅಂದ್ರೆ ಗೊತ್ತಲ್ಲ?
ಕಣ್ಣಿಗೋ ಕಾಲಿಗೋ ಹೇಳೋ ಮಾತು ಅದು.'
ಗೊತ್ತು, ಅಂದಳು.
ಕೂರಲು ಹೇಳದಿದ್ದರೂ ಕೂತಳು.

ಭದ್ರಾವತಿ ಕಾರ್ಖಾನೆಯ ರಾತ್ರಿ ಪಾಳಿಯ ಸೈರನ್ ಹೊತ್ತಿಗೆ
ಕಾಲು ಮುಂದಾಗಿ ಬಂದಿದ್ದಳಂತೆ ಇವಳು.
ಮಿಷನ್ ಆಸ್ಪತ್ರೆಯ ಐರಿಷ್ ಸಿಸ್ಟರು
ಬೆಳಗಿನ ತನಕ ಬೆವೆತು ಹೊರತಂದಳಂತೆ.
ನಿಮ್ಮ ಹೆಸರೇ ಇಡ್ತೀನಿ, ಅಂದಳು ತಾಯಿ ಹಾಲಮ್ಮ.
ಸಿಸ್ಟರಿಗೆ ಆಗಲೇ ಕನ್ನಡ ಬರುತ್ತಿತ್ತು.
ಬೇಡಮ್ಮ, ಅಂದಳು, ನಿಮ್ಮಲ್ಲಿ ಅದರ ಅರ್ಥ ಸರಿ ಇಲ್ಲ.

'ನಿಮ್ಮ ಕಡೆ ಏನಂತಾರೆ?'

ನಮ್ಮ ಕಡೆ ಯಾರಿಗೂ ಖಾತ್ರಿ ಇಲ್ಲ.
ಹಳೇ ಮಾತಲ್ಲಿ ಕುರಿಮರಿ, ಅಂತಾರೆ ಕೆಲವರು.
ಹಸಿವು, ಅಂತಾರೆ ಇನ್ನು ಕೆಲವರು.
ನನ್ನಜ್ಜಿಗೆ ಮಾತ್ರ ಅವಳು
ಗುಡ್ಡದ ಹೊಟ್ಟೆಯೊಳಗಿನ ಯಕ್ಷಿಯರ ರಾಣಿ,
ನಡೆದರೆ ಕೂದಲು ನೆಲ ಗುಡಿಸುತ್ತಿತ್ತಂತೆ.

ಹಾಲಮ್ಮ ಹೊಲಿಗೆಯ ನೋವಿನಲ್ಲೂ ನಕ್ಕಳು.
ಎರಡು ಮಣ್ಣಿಗೆ ಕೊಟ್ಟಿದೀನಿ ಸಿಸ್ಟರೇ,
ಚಿನ್ನಮ್ಮ ಅಂತ ಒಂದು, ಮುತ್ತಮ್ಮ ಅಂತ ಒಂದು.
ಜವರಾಯ ಚಂದದ ಹೆಸರು ಕೇಳ್ಕೊಂಡು ಬರ್ತಾನೆ.
ಊನ ಅಂದ್ರೆ ಬಾಗಿಲಲ್ಲೇ ಮೂಗು ಮುರಿದು
ಹಿಂದಕ್ಕೆ ಹೋಗ್ತಾನೆ. ಕೊಡಿ ನಂಗೆ ಅದನ್ನೇ.

ಒಂದನೇ ಕ್ಲಾಸಿನ ಮೇಷ್ಟ್ರು
ಹೆಣ್ಣು ಕೂಸಿಗೆ ಇದೆಂಥ ಹೆಸರು ಎಂದು
ಕೆಂಪು ಶಾಯಿಯಲ್ಲಿ ಪೂರ್ಣಿಮಾ ಮಾಡಿದರು.
ಒಳ್ಳೆಯವರೇ. ಅಂದಿನಿಂದ
ಮನೆಯಲ್ಲಿ ಒಬ್ಬಳು, ಹಾಜರಿಯಲ್ಲಿ ಒಬ್ಬಳು.

'ಹೋದ ತಿಂಗಳು ಅವ್ವ ತೀರ್ಕೊಂಡ್ಲು ಸಾರ್.
ಇನ್ನು ಹಂಗೆ ಕರೆಯೋರು ಯಾರೂ ಇಲ್ಲ.
ಕಾಗದದಲ್ಲಾದರೂ ಇರಲಿ.'

ಕಾರಣ ಎಂಬ ಕಾಲಮ್ಮು ಒಂದೂವರೆ ಇಂಚು.
ಕುರಿಮರಿ ಅಂತ ಬರೆಯಲೇ? ರಾಣಿ? ಹಸಿವು?
ಪೆನ್ನು ಅಲ್ಲೇ ನಿಂತಿತು. ಅವಳು
ಮೇಜಿನ ಮೇಲಿನ ಫಲಕ ಓದಿದಳು, ಅಕ್ಷರ ಅಕ್ಷರವಾಗಿ:
ಕೆ. ತಿಪ್ಪಣ್ಣ, ದ್ವಿತೀಯ ದರ್ಜೆ ಸಹಾಯಕ.
ಆಮೇಲೆ, ಪಕ್ಕದ ಮೇಜಿಗೆ ಕೇಳದ ಹಾಗೆ,
'ನಿಮಗಿಂತ ಮುಂಚೆ ಎಷ್ಟು ಸಾರ್?'

ಮೂರು, ಅಂದೆ.
ಮೊಹರಿನ ಶಾಯಿ ಒಣಗಿತ್ತು.
ಎರಡು ಸಲ ಒತ್ತಿದೆ.